ಆಯಿಲ್ ಬದಲಾಯಿಸಿದ ಮೇಲೆ ಹೊಗೆ ಬರುತ್ತಿದೆ, ಕಾರು ಎಳೆಯುತ್ತಿಲ್ಲ: ನೀವು ಬಿಚ್ಚಿದ್ದು ಯಾವ ಬೋಲ್ಟ್?

ಪ್ರಶ್ನೆ: ನನ್ನದು ಆಟೋಮ್ಯಾಟಿಕ್ ಗೇರಿನ ಪೆಟ್ರೋಲ್ ಕಾರು, ಮುಂದಿನ ಚಕ್ರಗಳಿಂದ ಓಡುವಂಥದ್ದು. ಮೊದಲ ಬಾರಿಗೆ ಮನೆಯಲ್ಲೇ ಎಂಜಿನ್ ಆಯಿಲ್ ಬದಲಾಯಿಸಿದೆ. ಕಾರಿನ ಅಡಿಯ ಬೋಲ್ಟ್ ಬಿಚ್ಚಿದಾಗ ಸುಮಾರು ಮೂರೂವರೆ ಲೀಟರಿನಷ್ಟು ಕೆಂಪು ಛಾಯೆಯ ತೆಳು ಎಣ್ಣೆ ಬಂತು. ಇಷ್ಟು ಸ್ವಚ್ಛವಾಗಿದೆಯಲ್ಲ ಎಂದು ಅಚ್ಚರಿಪಟ್ಟರೂ ಬೋಲ್ಟ್ ಬಿಗಿದು, ಫಿಲ್ಟರ್ ಬದಲಿಸಿ, ಪುಸ್ತಕದಲ್ಲಿ ಹೇಳಿದಂತೆ 4 ಲೀಟರ್ ಹೊಸ ಆಯಿಲ್ ತುಂಬಿದೆ. ರಸ್ತೆಗಿಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ನೀಲಿ ಮಿಶ್ರಿತ ಹೊಗೆ ಬರತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಎಳೆಯುವುದಿಲ್ಲ. ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿದರೆ ಎಣ್ಣೆ ಮೇಲಿನ ಗುರುತನ್ನು ದಾಟಿ ಬಹಳ ಮೇಲಿದೆ. ಎಂಜಿನ್ ಹಾಳಾಯಿತೇ? ಗ್ಯಾರೇಜಿನವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಬಹುದೇ? ಇನ್ನು ಮುಂದೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದೇ?

ಉತ್ತರ: ಮೊದಲು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದು ತುರ್ತಿನದು. ಓಡಿಸಬೇಡಿ. ನಿಧಾನವಾಗಿಯೂ ಬೇಡ, ಹತ್ತಿರದ ಗ್ಯಾರೇಜಿಗೂ ಬೇಡ. ಪರೀಕ್ಷೆಗೆಂದು ಇನ್ನೊಮ್ಮೆ ಸ್ಟಾರ್ಟ್ ಮಾಡುವುದೂ ಬೇಡ. ಕಾರನ್ನು ಪೂರ್ತಿಯಾಗಿ ಮೇಲಕ್ಕೇರಿಸಿ ಒಯ್ಯುವ ಚಪ್ಪಟೆ ಹಾಸಿನ ಟೋಯಿಂಗ್ ವಾಹನವನ್ನೇ ಕರೆಸಿ. ಹಗ್ಗ ಕಟ್ಟಿ ಎಳೆಯುವುದಾಗಲಿ, ಮುಂದಿನ ಚಕ್ರಗಳು ನೆಲದಲ್ಲಿ ಉರುಳುವಂತೆ ಹಿಂಭಾಗವನ್ನು ಎತ್ತಿ ಎಳೆಯುವುದಾಗಲಿ ಸಲ್ಲದು. ಎಂಜಿನ್ ನಿಂತಿದ್ದರೂ ಮುಂದಿನ ಚಕ್ರಗಳು ತಿರುಗಿದರೆ ಅವುಗಳೊಂದಿಗೆ ಗೇರ್‌ಬಾಕ್ಸಿನ ಒಳಭಾಗಗಳೂ ತಿರುಗುತ್ತವೆ, ಮತ್ತು ನೀವು ಬರೆದಿರುವ ವಿವರಗಳನ್ನು ಕೂಡಿಸಿ ನೋಡಿದರೆ ನಿಮ್ಮ ಗೇರ್‌ಬಾಕ್ಸಿನಲ್ಲಿ ಈಗ ಎಣ್ಣೆಯೇ ಇಲ್ಲವೆನ್ನುವಷ್ಟು ಕಡಿಮೆ ಇದೆ.

ನೀವು ಬಸಿದದ್ದು ಎಂಜಿನ್ ಆಯಿಲನ್ನಲ್ಲ, ಗೇರ್‌ಬಾಕ್ಸಿನ ಆಯಿಲನ್ನು. ಓಡಿದ ಎಂಜಿನ್ನಿನ ಆಯಿಲ್ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದು ಹೊಸದಾಗಿ ಹಾಕಿದ ಸ್ವಲ್ಪ ಸಮಯದಲ್ಲೇ ಮಸಿಯಂತೆ ಕಪ್ಪಾಗುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದ್ರವಕ್ಕೆ ಮಾತ್ರ ತಯಾರಕರು ಗುರುತಿಗಾಗಿ ಬಣ್ಣ ಬೆರೆಸಿರುತ್ತಾರೆ, ಹೆಚ್ಚಾಗಿ ಕೆಂಪು. ಗೇರುಗಳ ಬದಲು ಬೆಲ್ಟಿನಿಂದ ಕೆಲಸ ಮಾಡುವ ಸಿವಿಟಿ ಗೇರ್‌ಬಾಕ್ಸುಗಳಲ್ಲಿ ಹಸಿರು ಅಥವಾ ನೀಲಿ ಬಣ್ಣವೂ ಉಂಟು. ನಿಮ್ಮ ಬೇಸಿನ್ನಿಗೆ ಬಿದ್ದದ್ದು ಕೆಂಪು. ಎಂಜಿನ್ನಿನಲ್ಲಿದ್ದ ಹಳೆಯ ಆಯಿಲ್ ಅಲ್ಲೇ ಉಳಿದು, ಅದರ ಮೇಲೆ ಹೊಸ 4 ಲೀಟರ್ ಸೇರಿದ್ದರಿಂದ ಡಿಪ್‌ಸ್ಟಿಕ್ ಅಷ್ಟು ಮೇಲಿನ ಮಟ್ಟ ತೋರಿಸುತ್ತಿದೆ. ಹೊಗೆ ಹೆಚ್ಚಾದ ಎಂಜಿನ್ ಆಯಿಲಿನಿಂದ ಬಂದದ್ದು; ಎಳೆಯದಿರುವುದು ಖಾಲಿಯಾದ ಗೇರ್‌ಬಾಕ್ಸಿನಿಂದ. ಎರಡು ಬೇರೆ ಬೇರೆ ತೊಂದರೆಗಳಂತೆ ಕಂಡರೂ ಮೂಲ ಒಂದೇ ಬೋಲ್ಟ್.

ಇದು ನಿಮ್ಮೊಬ್ಬರ ಎಡವಟ್ಟೆಂದು ಭಾವಿಸಬೇಡಿ. ತಾವೇ ಆಯಿಲ್ ಬದಲಾಯಿಸಿಕೊಂಡವರ ಕಾರುಗಳಲ್ಲಿ ನಡೆಯುವ ಅನಾಹುತಗಳ ಪೈಕಿ ಇದು ತೀರ ಹಳೆಯದು. ಮುಂದಿನ ಚಕ್ರಗಳಿಂದ ಓಡುವ ಬಹುಪಾಲು ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕುಳಿತಿರುತ್ತದೆ, ಅದರ ಪಕ್ಕಕ್ಕೆ ಗೇರ್‌ಬಾಕ್ಸ್ ಅಂಟಿಕೊಂಡಿರುತ್ತದೆ, ಎರಡರ ತಳವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುತ್ತದೆ ಮತ್ತು ಎರಡಕ್ಕೂ ಒಂದೊಂದು ಡ್ರೈನ್ ಬೋಲ್ಟ್ ಇರುತ್ತದೆ. ಮಲಗಿಕೊಂಡು ಮೇಲಕ್ಕೆ ನೋಡುವವನಿಗೆ ಗೇರ್‌ಬಾಕ್ಸಿನ ಬೋಲ್ಟೇ ಮೊದಲು ಕಣ್ಣಿಗೆ ಬೀಳುವ ಕಾರುಗಳೂ ಇವೆ. ಸ್ಪ್ಯಾನರ್ ಹಾಕುವ ಮುನ್ನ ಬಾನೆಟ್ ತೆರೆದು, ಫ್ಯಾನ್ ಬೆಲ್ಟ್ ಯಾವ ಬದಿಯಲ್ಲಿದೆ ಎಂದು ನೋಡಿಕೊಳ್ಳಿ. ಅಡ್ಡ ಕೂತ ಎಂಜಿನ್ನುಗಳಲ್ಲಿ ಬೆಲ್ಟ್ ಎಂಜಿನ್ನಿನ ಹೊರತುದಿಯಲ್ಲಿರುತ್ತದೆ, ಗೇರ್‌ಬಾಕ್ಸ್ ಅದರ ಎದುರು ತುದಿಯಲ್ಲಿ. ಚಕ್ರಗಳಿಗೆ ಹೋಗುವ ಆಕ್ಸಲ್ ದಂಡಗಳು ಹೊರಡುವುದು ಗೇರ್‌ಬಾಕ್ಸಿನಿಂದಲೇ ಹೊರತು ಎಂಜಿನ್ನಿನಿಂದಲ್ಲ. ಇಷ್ಟಾದ ಮೇಲೂ ಅನುಮಾನ ಉಳಿದರೆ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ, ನಾಲ್ಕು ಹನಿ ಬಿಳಿಯ ಕಾಗದದ ಮೇಲೆ ಬೀಳಲು ಬಿಡಿ. ಬಣ್ಣ ಕಂದು ಅಥವಾ ಕಪ್ಪು ಅಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ ಮತ್ತೆ ಬಿಗಿಯಬಹುದು. ನಾಲ್ಕು ಹನಿ ಹೋದರೆ ಗೇರ್‌ಬಾಕ್ಸಿಗೆ ಏನೂ ಆಗುವುದಿಲ್ಲ. ನಿಮಗೂ ಅಚ್ಚರಿಯಾದ ಆ ಕ್ಷಣದಲ್ಲಿ ಕೈ ತಡೆದಿದ್ದರೆ ಸಾಕಿತ್ತು. ಆದರೆ ಪೂರ್ತಿ ಬಸಿದ ಮೇಲೂ ಕೂಡ, ಎಂಜಿನ್ ಸ್ಟಾರ್ಟ್ ಮಾಡುವವರೆಗೆ ಹಾನಿ ಏನೂ ಆಗಿರಲಿಲ್ಲ. ಆಯಿಲ್ ಬದಲಾವಣೆಯಲ್ಲಿ ನಡೆಯುವ ತಪ್ಪುಗಳಲ್ಲಿ ಬಹುಪಾಲು ಹೀಗೆಯೇ: ಎಂಜಿನ್ ನಿಂತಿರುವಷ್ಟು ಹೊತ್ತು ಅವು ಬರೀ ಚೆಲ್ಲಿದ ಎಣ್ಣೆ. ಕಾರು ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ತಪ್ಪಿನ ಗಾತ್ರಕ್ಕಿಂತ ಹೆಚ್ಚಾಗಿ, ತಪ್ಪಾದ ಮೇಲೆ ಎಂಜಿನ್ ಎಷ್ಟು ನಿಮಿಷ ಓಡಿತು ಎಂಬುದು.

ಈಗ ಎಂಜಿನ್ನಿನ ಸ್ಥಿತಿಯ ವಿಚಾರ. ಎಣ್ಣೆ ಕಡಿಮೆಯಾದರೆ ಕೆಡುಕು ಎಂಬುದು ಎಲ್ಲರಿಗೂ ಗೊತ್ತಿದೆ, ಹೆಚ್ಚಾದರೆ ಏನು ತೊಂದರೆ ಎಂಬುದು ಅನೇಕರಿಗೆ ತಿಳಿದಿಲ್ಲ. ಎಂಜಿನ್ನಿನ ತಳದ ಆಯಿಲ್ ಪ್ಯಾನಿನಲ್ಲಿ ಎಣ್ಣೆಯ ಮಟ್ಟ, ಪಿಸ್ಟನ್ನುಗಳ ಬಲದಿಂದ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿಗೆ ತಾಗದಷ್ಟು ಕೆಳಗಿರಬೇಕೆಂದು ಲೆಕ್ಕ ಹಾಕಿಯೇ ವಿನ್ಯಾಸ ಮಾಡಿರುತ್ತಾರೆ. ಮಟ್ಟ ಏರಿ ಕ್ರ್ಯಾಂಕ್‌ಶಾಫ್ಟಿನ ತೂಕದ ಗುಂಡುಗಳು ಎಣ್ಣೆಯೊಳಗೆ ಅದ್ದಿಕೊಂಡರೆ, ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ 50 ಬಾರಿ, ಅವು ಎಣ್ಣೆಯನ್ನು ಬಡಿದು ಗಾಳಿ ಬೆರೆಸಿ ನೊರೆಯಾಗಿಸುತ್ತವೆ. ಪಂಪು ದ್ರವವನ್ನು ಮೇಲೆತ್ತಲು ಮಾಡಿದ್ದು. ನೊರೆಯನ್ನು ಎತ್ತಿಕೊಟ್ಟಾಗ ಅದು ಬೇರಿಂಗುಗಳ ನಡುವೆ ಒತ್ತಡ ತಾಳಿ ನಿಲ್ಲುವುದಿಲ್ಲ, ಏಕೆಂದರೆ ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಪ್ಯಾನಿನ ತುಂಬ ಎಣ್ಣೆ ಇದ್ದರೂ ಬೇರಿಂಗಿಗೆ ಎಣ್ಣೆಯ ಅಭಾವ ಎಂಬ ವಿಚಿತ್ರ ಸ್ಥಿತಿ ಉಂಟಾಗುವುದು ಹೀಗೆ. ಹೈಡ್ರಾಲಿಕ್ ಲಿಫ್ಟರುಗಳಿರುವ, ಅಂದರೆ ವಾಲ್ವುಗಳ ಸಂದಿಯನ್ನು ಎಣ್ಣೆಯ ಒತ್ತಡದಿಂದಲೇ ಹೊಂದಿಸುವ, ಎಂಜಿನ್ನುಗಳಲ್ಲಿ ಮೇಲಿನಿಂದ ಟಿಕ್ ಟಿಕ್ ಶಬ್ದ ಬರುವುದೂ ಇದೇ ಕಾರಣಕ್ಕೆ.

ಹೊಗೆಯ ದಾರಿ ಬೇರೆ. ಎಂಜಿನ್ನಿನ ಒಳಗೆ ಸೇರುವ ಅನಿಲವನ್ನು ಹೊರಗೆ ಬಿಡದೆ ಮತ್ತೆ ಉರಿಸಲು ಒಂದು ಕೊಳವೆ ಮತ್ತು ವಾಲ್ವಿನ ವ್ಯವಸ್ಥೆಯಿದ್ದು, ಅದು ಗಾಳಿ ಒಳಬರುವ ಮಾರ್ಗಕ್ಕೆ ಸೇರುತ್ತದೆ. ಎಣ್ಣೆಯ ಮಟ್ಟ ಏರಿ, ಒಳಗೆಲ್ಲ ಎಣ್ಣೆಯ ಮಂಜು ತುಂಬಿದಾಗ ಆ ಕೊಳವೆಯ ಮೂಲಕ ಎಣ್ಣೆಯೇ ಸಿಲಿಂಡರಿಗೆ ಹೋಗಿ ಉರಿಯುತ್ತದೆ. ನೀಲಿ ಹೊಗೆ ಅಲ್ಲಿಂದ ಬಂದದ್ದು. ಪೆಟ್ರೋಲ್ ಎಂಜಿನ್ನಿನಲ್ಲಿ ಇದರ ಪೆಟ್ಟು ಸ್ಪಾರ್ಕ್ ಪ್ಲಗ್ಗುಗಳಿಗೆ, ಆಕ್ಸಿಜನ್ ಸೆನ್ಸರಿಗೆ ಮತ್ತು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಬೀಳುತ್ತದೆ. ಡೀಸೆಲ್ ಎಂಜಿನ್ನಿನ ಕಥೆ ಇದಕ್ಕಿಂತ ಭಯಾನಕ. ಅದಕ್ಕೆ ಎಂಜಿನ್ ಆಯಿಲೂ ಇಂಧನವೇ. ಒಳಬರುವ ಗಾಳಿಯೊಂದಿಗೆ ಸಾಕಷ್ಟು ಎಣ್ಣೆ ಸೇರಿಬಿಟ್ಟರೆ ಕೀಲಿ ತೆಗೆದರೂ ಎಂಜಿನ್ ನಿಲ್ಲದೆ ತನ್ನಷ್ಟಕ್ಕೆ ವೇಗವೇರಿಸಿಕೊಳ್ಳುತ್ತ ಹೋಗಿ ಒಡೆಯಬಹುದು. ಡೀಸೆಲ್ ಕಾರಿನಲ್ಲಿ ಆಯಿಲ್ ಹೆಚ್ಚಾಗಿದೆ ಎಂದು ಕಂಡಾಗ ಸ್ವಲ್ಪ ಓಡಿಸಿ ನೋಡೋಣ ಎಂಬ ಮಾತೇ ಬರಬಾರದು.

ಎಷ್ಟು ಹೆಚ್ಚಾದರೆ ಹೆಚ್ಚು? ಬಹುಪಾಲು ಕಾರುಗಳ ಡಿಪ್‌ಸ್ಟಿಕ್ಕಿನಲ್ಲಿ ಕೆಳಗಿನ ಮತ್ತು ಮೇಲಿನ ಗುರುತುಗಳ ನಡುವಿನ ಅಂತರ ಸುಮಾರು 1 ಲೀಟರಿಗೆ ಸಮ. ಮೇಲಿನ ಗುರುತನ್ನು ಒಂದೆರಡು ಮಿಲಿಮೀಟರ್ ದಾಟಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅರ್ಧ ಲೀಟರ್ ಹೆಚ್ಚಾದರೆ ತೆಗೆಸುತ್ತೇನೆ. ನಿಮ್ಮದು 4 ಲೀಟರ್ ಹೆಚ್ಚು, ಅಂದರೆ ಒಳಗಿರುವುದು ಎಂಜಿನ್ನಿಗೆ ಬೇಕಾದುದರ ಸುಮಾರು ಎರಡರಷ್ಟು. ಹಾಗಿದ್ದರೂ ನಿಮ್ಮ ಎಂಜಿನ್ ಉಳಿದಿರುವ ಸಾಧ್ಯತೆಯೇ ಹೆಚ್ಚು ಎಂದು ನನ್ನ ಅಂದಾಜು. ಓಡಿದ ದೂರ ಕಡಿಮೆ, ಹೊಗೆ ಕಂಡ ಕೂಡಲೇ ನಿಲ್ಲಿಸಿದ್ದೀರಿ, ಲೋಹ ಲೋಹಕ್ಕೆ ಬಡಿಯುವ ಶಬ್ದದ ಬಗ್ಗೆ ಅಥವಾ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪದ ಬಗ್ಗೆ ನೀವೇನೂ ಬರೆದಿಲ್ಲ. ಗ್ಯಾರೇಜಿನಲ್ಲಿ ಎಂಜಿನ್ನಿನ ಆಯಿಲನ್ನು ಸರಿಯಾದ ಬೋಲ್ಟಿನಿಂದ ಪೂರ್ತಿ ಬಸಿದು, ಫಿಲ್ಟರನ್ನು ಮತ್ತೊಮ್ಮೆ ಬದಲಿಸಿ, ಅಳತೆಯಷ್ಟೇ ಹೊಸ ಆಯಿಲ್ ತುಂಬಬೇಕು. ಹೆಚ್ಚಿನದನ್ನು ಮಾತ್ರ ತೆಗೆದು ಉಳಿದದ್ದರಲ್ಲಿ ಓಡಿಸುವುದು ಸಾಧ್ಯವಿಲ್ಲವೆಂದಲ್ಲ, ಆದರೆ ಆಗ ಒಳಗೆ ಉಳಿಯುವುದು ಅರ್ಧ ಹಳೆಯದು ಅರ್ಧ ಹೊಸದರ ಮಿಶ್ರಣ, ಮತ್ತು ಇಷ್ಟೆಲ್ಲ ಶ್ರಮ ಪಟ್ಟದ್ದು ಹಳೆಯದನ್ನು ತೆಗೆಯಲೆಂದೇ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡುವುದು, ಗಾಳಿಯ ಕೊಳವೆಯಲ್ಲಿ ನಿಂತ ಎಣ್ಣೆಯನ್ನು ಒರೆಸುವುದು, ಅನಿಲ ಮರಳಿಸುವ ವಾಲ್ವನ್ನು ಪರೀಕ್ಷಿಸುವುದು, ಕ್ರ್ಯಾಂಕ್‌ಶಾಫ್ಟಿನ ಎರಡೂ ತುದಿಯ ಸೀಲುಗಳ ಬಳಿ ಹೊಸ ಸೋರಿಕೆ ಇದೆಯೇ ಎಂದು ನೋಡುವುದು ಅಗತ್ಯ. ಎಲ್ಲ ಸರಿಪಡಿಸಿದ ಮೇಲೂ ಸ್ವಲ್ಪ ಹೊತ್ತು ಹೊಗೆ ಬರುತ್ತದೆ, ಏಕೆಂದರೆ ಸೈಲೆನ್ಸರ್ ಮಾರ್ಗದಲ್ಲಿ ಹಿಡಿದ ಎಣ್ಣೆ ಉರಿದು ಮುಗಿಯಬೇಕು. ದಿನಗಳು ಕಳೆದರೂ ಹೊಗೆ ನಿಲ್ಲದಿದ್ದರೆ ಮಾತ್ರ ಮುಂದಿನ ತಪಾಸಣೆಗೆ ಹೋಗಬೇಕು.

ನನಗೆ ನಿಜವಾದ ಆತಂಕ ಇರುವುದು ಗೇರ್‌ಬಾಕ್ಸಿನ ಬಗ್ಗೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ದ್ರವದ ಕೆಲಸ ನುಣುಪು ಕೊಡುವುದಷ್ಟೇ ಅಲ್ಲ. ಎಂಜಿನ್ನಿನ ಬಲವನ್ನು ಟಾರ್ಕ್ ಕನ್ವರ್ಟರಿನಲ್ಲಿ ದಾಟಿಸುವುದು ಆ ದ್ರವ, ಒಳಗಿನ ಕ್ಲಚ್ ತಟ್ಟೆಗಳನ್ನು ಒತ್ತಿ ಹಿಡಿಯುವುದು ಆ ದ್ರವದ ಒತ್ತಡ, ತಟ್ಟೆಗಳ ಬಿಸಿಯನ್ನು ಹೊತ್ತೊಯ್ಯುವುದೂ ಅದೇ ದ್ರವ. ಅದು ಕಡಿಮೆಯಾದಾಗ ಪಂಪು ಗಾಳಿ ಹೀರುತ್ತದೆ, ಒತ್ತಡ ಬೀಳುತ್ತದೆ, ತಟ್ಟೆಗಳು ಗಟ್ಟಿಯಾಗಿ ಹಿಡಿಯದೆ ಜಾರುತ್ತವೆ. ಎಂಜಿನ್ ಕೂಗಿದರೂ ಕಾರು ಮುಂದೆ ಹೋಗದಿರುವುದು ಈ ಜಾರುವಿಕೆಯೇ. ಜಾರಿದ ಪ್ರತಿ ಸೆಕೆಂಡೂ ತಟ್ಟೆಗಳ ಮೇಲಿನ ಘರ್ಷಣೆಯ ಪದರ ಸುಡುತ್ತದೆ. ನಿಮ್ಮದು ಸಿವಿಟಿ ಆಗಿದ್ದರೆ ಅಪಾಯ ಇನ್ನೂ ಹೆಚ್ಚು: ಲೋಹದ ಬೆಲ್ಟು ಶಂಕುವಿನಾಕಾರದ ಎರಡು ರಾಟೆಗಳ ನಡುವೆ ಒತ್ತಡದಿಂದಲೇ ಹಿಡಿದುಕೊಂಡಿರುತ್ತದೆ, ಒಮ್ಮೆ ಜಾರಿದರೆ ರಾಟೆಯ ನಯವಾದ ಮೈಮೇಲೆ ಗೀರು ಬೀಳುತ್ತದೆ, ಆ ಗೀರು ಎಣ್ಣೆ ತುಂಬಿದರೆ ವಾಸಿಯಾಗುವಂಥದ್ದಲ್ಲ. ಕೈಯಿಂದ ಗೇರ್ ಹಾಕುವ ಕಾರಾಗಿದ್ದರೆ ಪರಿಸ್ಥಿತಿ ಇಷ್ಟು ಬೇಗ ಬಿಗಡಾಯಿಸುತ್ತಿರಲಿಲ್ಲ, ಏಕೆಂದರೆ ಅಲ್ಲಿ ಎಣ್ಣೆ ಬಲ ದಾಟಿಸುವುದಿಲ್ಲ. ಆದರೆ ಅಲ್ಲಿ ಎಚ್ಚರಿಕೆಯೂ ಬೇಗ ಸಿಗುವುದಿಲ್ಲ, ಕಾರು ಎಂದಿನಂತೆ ಓಡುತ್ತಲೇ ಇದ್ದು ಒಂದು ದಿನ ಬೇರಿಂಗು ಕೂಗತೊಡಗುತ್ತದೆ.

ಆ ಕೆಂಪು ದ್ರವವನ್ನು ಎಸೆದಿಲ್ಲ ತಾನೇ? ಬೇಸಿನ್ನಿನಲ್ಲಿದ್ದರೆ ಹಾಗೆಯೇ ಮುಚ್ಚಿಡಿ. ಅದರ ಪ್ರಮಾಣವನ್ನು ಅಳೆದರೆ ಎಷ್ಟು ಹೋಯಿತು ಎಂಬುದು ಗ್ಯಾರೇಜಿನವರಿಗೆ ಖಚಿತವಾಗುತ್ತದೆ. ಡ್ರೈನ್ ಬೋಲ್ಟಿನಿಂದ ಬರುವುದು ಒಳಗಿನ ಪೂರ್ತಿ ದ್ರವವಲ್ಲ. ಟಾರ್ಕ್ ಕನ್ವರ್ಟರಿನಲ್ಲಿ, ಕೂಲರಿನಲ್ಲಿ ಒಂದಷ್ಟು ಉಳಿದಿರುತ್ತದೆ. ನಿಮ್ಮ ಕಾರು ಸ್ವಲ್ಪ ದೂರವಾದರೂ ಚಲಿಸಿದ್ದು ಆ ಉಳಿಕೆಯ ಬಲದಿಂದ. ಬಸಿದದ್ದನ್ನೇ ಸೋಸಿ ಮತ್ತೆ ತುಂಬಬಹುದೇ ಎಂದು ಕೆಲವರು ಕೇಳುತ್ತಾರೆ. ತೆರೆದ ಬೇಸಿನ್ನಿನಲ್ಲಿ ಧೂಳು ಮತ್ತು ತೇವ ಸೇರಿರುವ ದ್ರವವನ್ನು, ಕೂದಲೆಳೆಯಷ್ಟು ಸಣ್ಣ ದಾರಿಗಳಿರುವ ವಾಲ್ವ್ ಬಾಡಿಗೆ, ಅಂದರೆ ಒತ್ತಡದ ದ್ರವವನ್ನು ಕ್ಲಚ್ ತಟ್ಟೆಗಳಿಗೆ ಹಂಚುವ ಭಾಗಕ್ಕೆ, ಮರಳಿಸುವುದನ್ನು ನಾನು ಒಪ್ಪುವುದಿಲ್ಲ. ಹೊಸ ದ್ರವವನ್ನೇ ಹಾಕಬೇಕು, ಅದೂ ಕಾರಿನ ಪುಸ್ತಕದಲ್ಲಿ ಹೆಸರಿಸಿದ ನಿರ್ದಿಷ್ಟ ದರ್ಜೆಯದು. ಎಲ್ಲ ಗೇರ್‌ಬಾಕ್ಸಿಗೂ ಆಗುತ್ತದೆ ಎಂದು ಬರೆದುಕೊಂಡ ಡಬ್ಬಿಗಳನ್ನು, ಮುಖ್ಯವಾಗಿ ಸಿವಿಟಿಗೆ, ದೂರವಿಡಿ. ಇತ್ತೀಚಿನ ಅನೇಕ ಗೇರ್‌ಬಾಕ್ಸುಗಳಿಗೆ ಡಿಪ್‌ಸ್ಟಿಕ್ಕೇ ಇಲ್ಲ; ದ್ರವದ ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ನೋಡುತ್ತ, ಎಂಜಿನ್ ಓಡುತ್ತಿರುವಾಗ, ನಿಗದಿತ ಉಷ್ಣತೆಯಲ್ಲಿ ಮಟ್ಟದ ಬೋಲ್ಟ್ ತೆರೆದು ಹೆಚ್ಚಿನದು ಸೋರಿಹೋಗಲು ಬಿಡುವುದೇ ಅವುಗಳಲ್ಲಿ ಮಟ್ಟ ಹೊಂದಿಸುವ ಕ್ರಮ. ಎಂಜಿನ್ ಆಯಿಲ್ ಬದಲಾಯಿಸುವವರು ಮನೆಯಲ್ಲಿ ಮಾಡಬಹುದಾದ ಕೆಲಸ ಇದಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಿಮ್ಮ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಈ ಕೆಲಸವನ್ನು ಬಿಟ್ಟುಬಿಡಬೇಕಾಗಿಲ್ಲ. ಆದರೆ ನೀವು ತಪ್ಪಿಸಿಕೊಂಡ ಬೇರೆ ಅಪಾಯಗಳೂ ಇವೆ, ಮತ್ತು ಅವುಗಳಲ್ಲಿ ಒಂದು ನಿಮ್ಮದಕ್ಕಿಂತ ಕೆಟ್ಟದ್ದು. ಅದು ಹಳೆಯ ಫಿಲ್ಟರಿನ ರಬ್ಬರ್ ರಿಂಗ್. ಡಬ್ಬಿಯಾಕಾರದ ಫಿಲ್ಟರನ್ನು ತಿರುಗಿಸಿ ಬಿಚ್ಚಿದಾಗ ಅದರ ಬಾಯಿಯ ರಬ್ಬರ್ ಕೆಲವೊಮ್ಮೆ ಎಂಜಿನ್ನಿನ ಮೈಗೇ ಅಂಟಿಕೊಂಡು ಉಳಿಯುತ್ತದೆ. ಬಹಳ ದಿನ ಬಿಸಿಯಲ್ಲಿ ಬೆಂದ ರಬ್ಬರು ಕಪ್ಪು, ಅದು ಕುಳಿತ ಜಾಗವೂ ಎಣ್ಣೆ ಹಿಡಿದು ಕಪ್ಪು, ನೋಡುವವರು ಕೆಳಗೆ ಮಲಗಿರುತ್ತಾರೆ. ಕಾಣದೆ ಹೋಗುವುದು ಸಹಜ. ಅದರ ಮೇಲೆ ಹೊಸ ಫಿಲ್ಟರನ್ನು ಅದರದೇ ರಬ್ಬರಿನ ಸಮೇತ ಕೂರಿಸಿದರೆ ಒಂದರ ಮೇಲೊಂದು ಎರಡು ರಿಂಗುಗಳಾಗುತ್ತವೆ. ಕೈಗೆ ಅದು ಬಿಗಿಯಾದಂತೆಯೇ ಅನಿಸುತ್ತದೆ. ಸ್ಟಾರ್ಟ್ ಮಾಡಿ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಬಿಟ್ಟಾಗ ಒಂದು ಹನಿಯೂ ಬೀಳದೆ ಇರಬಹುದು. ತಣ್ಣಗಿನ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಣ್ಣೆಯ ಒತ್ತಡ 5 ಬಾರ್ (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು) ದಾಟುವುದು ಅಸಾಧಾರಣವೇನಲ್ಲ. ಆಗ ಹಿಡಿತವಿಲ್ಲದ ರಬ್ಬರು ಪಕ್ಕಕ್ಕೆ ಚಿಮ್ಮುತ್ತದೆ. ಪಂಪು ಎತ್ತಿದ ಎಣ್ಣೆಯೆಲ್ಲ ಹಾದುಹೋಗುವುದು ಫಿಲ್ಟರಿನ ಮೂಲಕವೇ ಆದ್ದರಿಂದ ಆ ಸಂದಿಯಿಂದ ಎಣ್ಣೆ ಜಿನುಗುವುದಿಲ್ಲ, ಸುರಿಯುತ್ತದೆ. ಪ್ಯಾನ್ ಬರಿದಾಗಲು ಹೆಚ್ಚು ಹೊತ್ತು ಬೇಡ. ರಸ್ತೆಯಲ್ಲಿ ವೇಗದಲ್ಲಿರುವ ಚಾಲಕನಿಗೆ ಕೆಂಪು ದೀಪ ಕಾಣುವ ಹೊತ್ತಿಗೆ ಎಣ್ಣೆಯೆಲ್ಲ ಹಿಂದಿನ ರಸ್ತೆಯ ಮೇಲಿರುತ್ತದೆ, ಮತ್ತು ದೀಪ ಕಂಡ ಮೇಲೂ ಮುಂದಿನ ತಿರುವಿನವರೆಗೆ ಹೋಗೋಣ ಎಂದುಕೊಂಡವರ ಎಂಜಿನ್ ಸೀಜ್ ಆಗಿರುತ್ತದೆ. ಬಿಚ್ಚಿದ ಫಿಲ್ಟರನ್ನು ಮಗುಚಿ, ರಬ್ಬರ್ ಅದರಲ್ಲೇ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಎಂಜಿನ್ನಿನ ಮೈಯನ್ನು ಬೆರಳಿನಿಂದ ಸುತ್ತಲೂ ತಡವಿ, ಬಟ್ಟೆಯಿಂದ ಒರೆಸಿ ಲೋಹ ಹೊಳೆಯುವುದನ್ನು ಕಣ್ಣಾರೆ ಕಂಡ ಮೇಲೆ ಹೊಸದನ್ನು ಹಾಕಿ. ನೀವು ಈ ಬಾರಿ ಹಾಕಿದ ಫಿಲ್ಟರನ್ನು ಗ್ಯಾರೇಜಿನವರು ತೆಗೆಯುವಾಗ ಇದನ್ನೂ ನೋಡಲು ಹೇಳಿ.

ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಎಣ್ಣೆಯನ್ನು ಸವರಬೇಕು, ಇಲ್ಲದಿದ್ದರೆ ಬಿಗಿಯುವಾಗ ಅದು ಮಡಚಿಕೊಳ್ಳಬಹುದು. ಎಷ್ಟು ಬಿಗಿಯಬೇಕೆಂದು ಫಿಲ್ಟರಿನ ಮೈಮೇಲೇ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಬರೀ ಕೈಯಿಂದ. ರೆಂಚು ಇರುವುದು ಬಿಚ್ಚಲು.

ಡ್ರೈನ್ ಬೋಲ್ಟಿನಲ್ಲಿ ಜನ ಮಾಡುವ ತಪ್ಪು ಭಯದಿಂದ ಹುಟ್ಟುವಂಥದ್ದು. ಸೋರಿಬಿಟ್ಟರೆ ಎಂಬ ಭಯಕ್ಕೆ ಉದ್ದ ಹಿಡಿಯ ರೆಂಚು ಹಾಕಿ ಮೈಭಾರ ಬಿಡುತ್ತಾರೆ. ಬೋಲ್ಟು ಉಕ್ಕಿನದು, ಅನೇಕ ಕಾರುಗಳ ಆಯಿಲ್ ಪ್ಯಾನ್ ಈಗ ಅಲ್ಯೂಮಿನಿಯಂ ಮಿಶ್ರಲೋಹದ್ದು. ಇಬ್ಬರಲ್ಲಿ ಸೋಲುವುದು ಯಾವಾಗಲೂ ಪ್ಯಾನಿನ ಒಳಗಿನ ಥ್ರೆಡ್. ಬಹುಪಾಲು ಕಾರುಗಳಲ್ಲಿ ಈ ಬೋಲ್ಟಿಗೆ ಹೇಳಿರುವ ಬಿಗಿತ 25ರಿಂದ 45 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ಮತ್ತು ಅದು ಹೊಸಬರು ಅಂದುಕೊಳ್ಳುವುದಕ್ಕಿಂತ ಬಹಳ ಕಡಿಮೆ. ಸೋರದಂತೆ ತಡೆಯುವುದು ಬಿಗಿತವಲ್ಲ, ವಾಷರ್. ತಾಮ್ರ ಅಥವಾ ಅಲ್ಯೂಮಿನಿಯಮ್ಮಿನ ಆ ತೆಳು ವಾಷರ್ ಒಮ್ಮೆ ಒತ್ತಿ ಚಪ್ಪಟೆಯಾದರೆ ಅದರ ಆಯುಸ್ಸು ಮುಗಿಯಿತು. ಹಳೆಯ ವಾಷರನ್ನೇ ಹಾಕಿ, ಹನಿ ಜಿನುಗಿದ್ದಕ್ಕೆ ಇನ್ನಷ್ಟು ಬಿಗಿದು, ಮುಂದಿನ ಬಾರಿ ಬಿಚ್ಚುವಾಗ ಬೋಲ್ಟಿನೊಂದಿಗೆ ಥ್ರೆಡ್ಡೂ ಸುರುಳಿಯಾಗಿ ಹೊರಬರುವುದು ಈ ಕ್ರಮದಲ್ಲೇ. ಹಾಗಾದರೆ ಪ್ಯಾನ್ ಬದಲಿಸಬಹುದು, ಇಲ್ಲವೇ ಹಾಳಾದ ತೂತನ್ನು ಕೊರೆದು ಒಳಗೆ ಹೊಸ ಥ್ರೆಡ್ಡಿರುವ ಉಕ್ಕಿನ ಕೊಳವೆಯಂಥ ತುಂಡನ್ನು ಕೂರಿಸಬಹುದು. ಎರಡನೆಯದನ್ನು ಸರಿಯಾಗಿ ಮಾಡಿದರೆ ಮೂಲಕ್ಕಿಂತ ಗಟ್ಟಿಯಾಗಿರುತ್ತದೆ. ತನ್ನ ಥ್ರೆಡ್ಡನ್ನು ತಾನೇ ಕೊರೆದುಕೊಳ್ಳುವ ದಪ್ಪ ಬೋಲ್ಟುಗಳು ಸಿಗುತ್ತವೆ, ಅವು ತಾತ್ಕಾಲಿಕ. ಅಲ್ಯೂಮಿನಿಯಂ ಪ್ಯಾನನ್ನು ಸೀಳಿಬಿಡುವುದೂ ಉಂಟು. ಬೋಲ್ಟನ್ನು ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಿ ಕೂರಿಸಿದರೆ ಅದು ಓರೆಯಾಗಿ ಥ್ರೆಡ್ ಕೆಡಿಸುವ ಪ್ರಮೇಯವೇ ಬರುವುದಿಲ್ಲ. ನಿಮ್ಮ ಗೇರ್‌ಬಾಕ್ಸಿನ ಬೋಲ್ಟಿಗೂ ಈ ಮಾತು ಅನ್ವಯಿಸುತ್ತದೆ. ಅದನ್ನು ನೀವು ಎಂಜಿನ್ನಿನದೆಂದು ತಿಳಿದು ಎಂಜಿನ್ನಿನ ಲೆಕ್ಕದಲ್ಲೇ ಬಿಗಿದಿರುವುದರಿಂದ ಅದರ ವಾಷರ್ ಮತ್ತು ಥ್ರೆಡ್ಡನ್ನು ನೋಡಿಸಬೇಕು.

ಆಯಿಲಿನ ದರ್ಜೆಯ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. 5ಡಬ್ಲ್ಯೂ-30 ಎಂಬಲ್ಲಿನ ಕೊನೆಯ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಣ್ಣೆಯ ದಪ್ಪವನ್ನು ಸೂಚಿಸುತ್ತದೆ, ಡಬ್ಲ್ಯೂ ಜೊತೆಗಿನ ಸಂಖ್ಯೆ ಕೊರೆಯುವ ಚಳಿಯಲ್ಲಿ ಅದು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. 30ರ ಬದಲು 40 ಹಾಕಿದ ಮಾತ್ರಕ್ಕೆ ಎಂಜಿನ್ ಕೂಡಲೇ ಕೆಡುವುದಿಲ್ಲ. ಸಂಖ್ಯೆಗಿಂತ ಹೆಚ್ಚು ಮುಖ್ಯವಾದದ್ದು ಡಬ್ಬಿಯ ಮೇಲಿನ ಗುಣಮಟ್ಟದ ಗುರುತು. 2020ರಲ್ಲಿ ಬಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ಎಸ್‌ಪಿ ದರ್ಜೆ, ಟರ್ಬೊ ಇರುವ ನೇರ ಇಂಜೆಕ್ಷನ್ನಿನ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಡಿಮೆ ವೇಗದಲ್ಲಿ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳುವುದನ್ನು ತಡೆಯುವ ಪರೀಕ್ಷೆಯನ್ನೂ ಒಳಗೊಂಡಿದೆ. ಅಂಥ ಎಂಜಿನ್ನಿಗೆ ಹಳೆಯ ದರ್ಜೆಯ ಆಯಿಲ್ ಹಾಕಿದರೆ ಪಿಸ್ಟನ್ನೇ ಒಡೆಯುವ ಸಂಭವವುಂಟು. ಹೊಗೆಯ ಮಾರ್ಗದಲ್ಲಿ ಮಸಿ ಹಿಡಿಯುವ ಫಿಲ್ಟರಿರುವ ಡೀಸೆಲ್ ಕಾರಿಗೆ ಬೂದಿ ಕಡಿಮೆ ಉಳಿಸುವ ಆಯಿಲೇ ಬೇಕು. ಕ್ಲಚ್ಚು ಎಂಜಿನ್ ಆಯಿಲಿನಲ್ಲೇ ಮುಳುಗಿರುವ ಬೈಕುಗಳಿಗೆ ಜಪಾನಿನ ಗುಣಮಟ್ಟವಾದ ಜಾಸೊ ಎಂಎ ಗುರುತಿನದು ಬೇಕು. ಕಾರಿನ ಆಯಿಲ್ ಮಿಕ್ಕಿತೆಂದು ಬೈಕಿಗೆ ಸುರಿದರೆ ಕ್ಲಚ್ ಜಾರತೊಡಗಬಹುದು.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪದ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಅದು ಆಯಿಲ್ ಕಡಿಮೆಯಾಗುತ್ತಿದೆ, ಬಿಡುವಾದಾಗ ತುಂಬಿಸು ಎಂದು ಹೇಳುವ ದೀಪವಲ್ಲ. ಒತ್ತಡ ಅರ್ಧ ಬಾರಿನ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಕುಸಿದಾಗ ಮಾತ್ರ ಅದು ಹೊತ್ತುತ್ತದೆ. ಬಿಸಿಯಾದ ಎಂಜಿನ್ ರಸ್ತೆಯ ವೇಗದಲ್ಲಿ ಓಡುವಾಗ ಇರಬೇಕಾದದ್ದು ಅದರ ಹಲವು ಪಟ್ಟು. ಆದ್ದರಿಂದ ದೀಪ ಆರಿದೆ ಎಂದರೆ ಎಲ್ಲ ಸರಿಯಿದೆ ಎಂದರ್ಥವಲ್ಲ, ದೀಪ ಹೊತ್ತಿದೆ ಎಂದರೆ ಎಂಜಿನ್ನನ್ನು ಅದೇ ಕ್ಷಣ ಆರಿಸಬೇಕು ಎಂದರ್ಥ. ಹಳದಿ ದೀಪವೊಂದು ಬೇರೆ ಇರುವ ಕಾರುಗಳಲ್ಲಿ ಮಟ್ಟದ ಸೂಚನೆ ಕೊಡುವುದು ಅದು.

ಮುಂದಿನ ಬಾರಿ ಹಳೆಯ ಆಯಿಲನ್ನು ಅಳತೆಯ ಗುರುತಿರುವ ಪಾತ್ರೆಗೆ ಬಸಿಯಿರಿ. ಬಂದದ್ದೆಷ್ಟು, ಹಾಕಬೇಕಾದದ್ದೆಷ್ಟು ಎಂಬ ಲೆಕ್ಕ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿ. ಆದರೆ ಪ್ರಮಾಣವೊಂದನ್ನೇ ನಂಬಬೇಡಿ, ನಿಮ್ಮ ಗೇರ್‌ಬಾಕ್ಸಿನಿಂದ ಬಂದದ್ದೂ ಎಂಜಿನ್ನಿನ ಅಳತೆಗೆ ಹತ್ತಿರವೇ ಇತ್ತು. ನಿಮ್ಮನ್ನು ಖಂಡಿತವಾಗಿ ಉಳಿಸುತ್ತಿದ್ದದ್ದು ಬಸಿದ ಮೇಲೆ, ಹೊಸ ಆಯಿಲ್ ಸುರಿಯುವ ಮುನ್ನ, ಡಿಪ್‌ಸ್ಟಿಕ್ಕನ್ನು ಒಮ್ಮೆ ಒರೆಸಿ ಅದ್ದಿ ನೋಡುವುದು. ಎಂಜಿನ್ ಖಾಲಿಯಾಗಿದ್ದರೆ ಅದರ ತುದಿಯಲ್ಲಿ ಗುರುತಿನ ಹತ್ತಿರ ಎಣ್ಣೆ ಇರಕೂಡದು. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ, ಮತ್ತು ಈ ತಪಾಸಣೆಯನ್ನು ಯಾವ ಪುಸ್ತಕವೂ ಒತ್ತಿ ಹೇಳುವುದಿಲ್ಲ ಎಂಬುದು ನನಗೆ ಬಹಳ ದಿನಗಳಿಂದ ಇರುವ ದೂರು. ತುಂಬುವಾಗ ಪುಸ್ತಕದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಸುರಿದು ನಿಲ್ಲಿಸಿ, ಮುಚ್ಚಳ ಹಾಕಿ, ಬಟ್ಟೆ ಸ್ಪ್ಯಾನರುಗಳೆಲ್ಲ ಎಂಜಿನ್ ಮೇಲಿನಿಂದ ಹೊರಬಂದಿವೆಯೇ ಎಂದು ನೋಡಿ. ಎಣ್ಣೆಯ ಬಟ್ಟೆ ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊತ್ತಿಕೊಂಡ ಕಾರುಗಳಿವೆ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಕೆಂಪು ದೀಪ ಆರಬೇಕು. ಫಿಲ್ಟರ್ ಖಾಲಿಯಿರುವುದರಿಂದ ಎಂದಿಗಿಂತ ತುಸು ತಡವಾಗಬಹುದು, ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಮುಟ್ಟಬೇಡಿ. ಅರ್ಧ ನಿಮಿಷ ಐಡಲಿನಲ್ಲಿ ಬಿಟ್ಟು ಆರಿಸಿ, ಟಾರ್ಚ್ ಹಿಡಿದು ಫಿಲ್ಟರ್ ಮತ್ತು ಬೋಲ್ಟಿನ ಸುತ್ತ ನೋಡಿ, ಐದಾರು ನಿಮಿಷ ಬಿಟ್ಟು ಸಮತಟ್ಟಾದ ನೆಲದಲ್ಲಿ ಡಿಪ್‌ಸ್ಟಿಕ್ ನೋಡಿ, ಕಡಿಮೆ ಇದ್ದಷ್ಟನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಎರಡು ರಬ್ಬರಿನ ತಪ್ಪು ಐಡಲಿನಲ್ಲಿ ಅಡಗಿಕೊಳ್ಳಬಹುದೆಂದು ಮೇಲೆ ಹೇಳಿದೆ, ಹಾಗಾಗಿ ನಿಂತಲ್ಲೇ ಎರಡನೆಯ ಬಾರಿ ಸ್ಟಾರ್ಟ್ ಮಾಡಿ, ವೇಗವನ್ನು ಮೆಲ್ಲನೆ 2500 ಸುತ್ತಿನವರೆಗೆ ಏರಿಸಿ ಇನ್ನೊಬ್ಬರಿಂದ ಪಕ್ಕದಲ್ಲಿ ನಿಂತು ಅಡಿಯನ್ನು ನೋಡಿಸುವುದು ಒಳ್ಳೆಯದು.

ಜಾಕಿನ ಮೇಲೆ ಮಾತ್ರ ನಿಂತ ಕಾರಿನಡಿಗೆ ಯಾರೂ ಹೋಗಬಾರದು. ಗಟ್ಟಿ ನೆಲ, ಜಾಕ್ ಸ್ಟ್ಯಾಂಡುಗಳು, ಹಿಂದಿನ ಚಕ್ರಗಳಿಗೆ ಅಡೆ, ಇವಿಲ್ಲದಿದ್ದರೆ ಆಯಿಲ್ ಇನ್ನೊಂದು ದಿನ ಬದಲಾಗಲಿ. ಎಣ್ಣೆ ಬೆಚ್ಚಗಿದ್ದರೆ ಚೆನ್ನಾಗಿ ಬಸಿಯುತ್ತದೆ, ಆದರೆ ದೂರ ಓಡಿ ಬಂದ ಎಂಜಿನ್ನಿನ ಎಣ್ಣೆ ಕೈಯ ಚರ್ಮವನ್ನು ಸುಡುವಷ್ಟು ಬಿಸಿಯಿರುತ್ತದೆ. ಬಳಸಿದ ಆಯಿಲ್ ಪದೇ ಪದೇ ಚರ್ಮಕ್ಕೆ ತಾಗುವುದು ಹಾನಿಕರವಾದ್ದರಿಂದ ಕೈಗವಸು ಧರಿಸಿ. ಈಗ ನಿಮ್ಮ ಬಳಿಯಿರುವ ಕೆಂಪು ದ್ರವವನ್ನಾಗಲಿ ಎಂಜಿನ್ನಿನಿಂದ ಬರುವ ಹಳೆಯದನ್ನಾಗಲಿ ಚರಂಡಿಗೆ ಅಥವಾ ಮಣ್ಣಿಗೆ ಸುರಿಯದೆ, ಬಳಸಿದ ಆಯಿಲನ್ನು ಸಂಗ್ರಹಿಸುವವರಿಗೆ ಮುಚ್ಚಿದ ಡಬ್ಬಿಯಲ್ಲಿ ಕೊಡಿ.

ಗ್ಯಾರೇಜಿಗೆ ಕಾರು ತಲುಪಿದಾಗ ನಡೆದದ್ದನ್ನು ನಡೆದ ಹಾಗೆಯೇ ಹೇಳಿ: ಯಾವ ಬೋಲ್ಟ್ ಬಿಚ್ಚಿದಿರಿ, ಎಷ್ಟು ದ್ರವ ಹೋಯಿತು, ಎಷ್ಟು ಆಯಿಲ್ ಹಾಕಿದಿರಿ, ಎಷ್ಟು ದೂರ ಓಡಿತು. ಸಂಕೋಚಪಟ್ಟು ಬರೀ ಕಾರು ಎಳೆಯುತ್ತಿಲ್ಲ ಎಂದಷ್ಟೇ ಹೇಳಿದರೆ, ಅವರು ಪರೀಕ್ಷೆಗೆಂದು ಮೊದಲು ಮಾಡುವ ಕೆಲಸವೇ ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕುವುದು. ಮೊದಲು ಗೇರ್‌ಬಾಕ್ಸ್ ತುಂಬಿಸಿ, ಎಂಜಿನ್ನಿನದನ್ನು ಬಸಿದು ತುಂಬಿಸಿ, ಆಮೇಲಷ್ಟೇ ಸ್ಟಾರ್ಟ್ ಮಾಡಬೇಕೆಂದು ಬರೆದುಕೊಡಿ. ಗೇರ್‌ಬಾಕ್ಸಿನ ಡ್ರೈನ್ ಬೋಲ್ಟಿನ ಆಯಸ್ಕಾಂತಕ್ಕೆ ಲೋಹದ ಚೂರುಗಳು ಅಂಟಿವೆಯೇ ಎಂದು ನೋಡಲು ಕೇಳಿ. ಬೂದು ಬಣ್ಣದ ನುಣ್ಣನೆಯ ಪೇಸ್ಟು ಸಹಜ; ಕೈಗೆ ಹತ್ತುವ ಚೂರುಗಳಾಗಲಿ, ಆ ಬೋಲ್ಟ್ ಬಿಚ್ಚಿದಾಗ ಬರುವ ಉಳಿದ ದ್ರವದಲ್ಲಿ ಸುಟ್ಟ ವಾಸನೆಯಾಗಲಿ ಸಹಜವಲ್ಲ. ತುಂಬಿಸಿದ ಮೇಲೆ ಎಲ್ಲ ಗೇರುಗಳೂ ಸರಿಯಾಗಿ ಹಿಡಿದರೆ ಸುಮಾರು ಸಾವಿರ ಕಿಲೋಮೀಟರ್ ಓಡಿಸಿ, ಆ ದ್ರವವನ್ನು ಮತ್ತೊಮ್ಮೆ ಬದಲಿಸಿ, ಆಗ ಬರುವುದರ ಬಣ್ಣ ಮತ್ತು ವಾಸನೆಯನ್ನು ನೋಡಿ. ಕೆಂಪಾಗಿಯೇ ಇದ್ದರೆ ಗೇರ್‌ಬಾಕ್ಸ್ ಬಚಾವಾಗಿದೆ. ಕಪ್ಪಾಗಿದ್ದು ಸುಟ್ಟ ವಾಸನೆ ಬರುತ್ತಿದ್ದರೆ ತಟ್ಟೆಗಳು ಸವೆಯುತ್ತಿವೆ ಎಂದು ತಿಳಿದು, ದೂರದ ಪ್ರಯಾಣಕ್ಕೆ ಹೊರಡುವ ಮುಂಚೆ ಬಿಚ್ಚಿಸಿ ನೋಡಿಸಬೇಕಾಗುತ್ತದೆ.